ಅಜ್ಜಿಯ ಹೊಸ ಬದುಕಿನ ಖರ್ಚು ಯಾರ ಲೆಕ್ಕಕ್ಕೆ?

ಎಂಬತ್ತು ವರ್ಷದ ವಿಧವೆಯೊಬ್ಬಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಗಂಡ ತೀರಿಕೊಂಡಿದ್ದಾನೆ. ಮಗ, ಸೊಸೆ, ಮಗಳು, ಮೊಮ್ಮಗ ಸರದಿ ಮೇಲೆ ಬಂದು ಎಬ್ಬಿಸಲು ನೋಡುತ್ತಾರೆ. ಒಬ್ಬರು ಪ್ರೀತಿಯಿಂದ, ಒಬ್ಬರು ಕರ್ತವ್ಯಕ್ಕೆ, ಇನ್ನೊಬ್ಬರು ನಾಲ್ಕು ಜನ ಏನಂದುಕೊಂಡಾರು ಅಂತ. ಅವಳು ಏಳೋದಿಲ್ಲ. ಬೆನ್ನು ತಿರುಗಿಸಿಯೇ ಇರುತ್ತಾಳೆ. ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ 'ರೇತ್ ಸಮಾಧಿ'ಯ ಮೊದಲ ಭಾಗದಲ್ಲಿ ಪುಟಗಟ್ಟಲೆ ನಮ್ಮ ಮುಂದಿರುವುದು ಈ ಬೆನ್ನು ಮಾತ್ರ.

ಈ ಕಾದಂಬರಿ ಪ್ರಕಟವಾಗಿದ್ದು 2018ರಲ್ಲಿ. ಡೇಸಿ ರಾಕ್‌ವೆಲ್ ಅದನ್ನು 'ಟೂಂಬ್ ಆಫ್ ಸ್ಯಾಂಡ್' ಅಂತ ಇಂಗ್ಲಿಷಿಗೆ ತಂದರು. 2022ರ ಮೇ ತಿಂಗಳಲ್ಲಿ ಅದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಭಾರತೀಯ ಭಾಷೆಯೊಂದರಿಂದ ಅನುವಾದವಾದ ಪುಸ್ತಕಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಮಾರನೇ ದಿನದ ಸುದ್ದಿಗಳಲ್ಲಿ ಕತೆಯ ಸಾರಾಂಶ ಹೆಚ್ಚುಕಡಿಮೆ ಒಂದೇ ಥರ ಇತ್ತು: ಖಿನ್ನತೆಗೆ ಜಾರಿದ 80ರ ಅಜ್ಜಿ ಎದ್ದು, ಗಡಿ ದಾಟಿ, ಹೊಸ ಬದುಕು ಕಂಡುಕೊಳ್ಳುವ ಕತೆ. ಇದು ಸುಳ್ಳಲ್ಲ. ಆದರೆ ಈ ಒಂದು ಸಾಲಿನಲ್ಲಿ ಪುಸ್ತಕವನ್ನು ಓದಿದ ಹಾಗೆ ಆಗಿಬಿಡುತ್ತೆ, ಮನಸ್ಸಿಗೆ ಹಿತವೂ ಆಗುತ್ತೆ. ನನ್ನ ತಕರಾರು ಆ ಹಿತದ ಬಗ್ಗೆ.

ನೀವೂ ನೋಡಿರುತ್ತೀರಿ. ಸೀರೆ ಉಟ್ಟ ಅಜ್ಜಿ ಜಿಪ್‌ಲೈನಿನಲ್ಲಿ ಜಾರುತ್ತಾರೆ, ಅಜ್ಜಿ ಸ್ಕೂಟಿ ಕಲಿಯುತ್ತಾರೆ, ಅಜ್ಜಿ ಮೊದಲ ಸಲ ವಿಮಾನ ಹತ್ತುತ್ತಾರೆ. ಹಿಂದೆ ಒಂದು ಹಾಡು, ಕೆಳಗೆ ಸಾವಿರಾರು ಹೃದಯದ ಇಮೋಜಿ. ನಾನೂ ಎಷ್ಟೋ ಸಲ ಫಾರ್ವರ್ಡ್ ಮಾಡಿದ್ದೇನೆ, ಇನ್ನೂ ಮಾಡ್ತೀನಿ. ಈ ರೀಲ್‌ಗಳಲ್ಲಿ ಒಂದು ಸಾಮಾನ್ಯ ಅಂಶ ಇದೆ. ಫೋನ್ ಹಿಡಿದಿರುವುದು ಮೊಮ್ಮಗ ಅಥವಾ ಮಗ. ಅಂದರೆ ಮನೆಯ ಅನುಮತಿ ಕ್ಯಾಮೆರಾದ ಹಿಂದೆ ನಿಂತಿದೆ. ಆ ಅನುಮತಿ ಸಿಗದೇ ಹೋದ ಅರವತ್ತು ವರ್ಷದ ಕತೆ ರೀಲ್ ಶುರುವಾಗುವ ಮೊದಲೇ ಮುಗಿದುಹೋಗಿರುತ್ತೆ. ಸಂಜೆ ಅಜ್ಜಿ ವಾಪಸ್ ಬಂದು ಅಡುಗೆಮನೆಗೆ ಹೋದರಾ ಅನ್ನೋದೂ ನಮಗೆ ಗೊತ್ತಾಗಲ್ಲ.

ಇಂಜಿನಿಯರಿಂಗ್‌ನಲ್ಲಿ ನಾನು ಕಲಿತಿದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ. ಆದರೆ ಥರ್ಮೋಡೈನಮಿಕ್ಸ್ ಕ್ಲಾಸಿನ ಒಂದು ಮಾತು ತಲೆಯಲ್ಲಿ ಉಳಿದಿದೆ. ಯಾವುದೇ ಯಂತ್ರದ ಲೆಕ್ಕ ಮಾಡುವ ಮೊದಲು ಅದರ ಸುತ್ತ ಒಂದು ಗೆರೆ ಎಳೆಯಬೇಕು. ಗೆರೆ ದಾಟಿ ಒಳಗೆ ಏನು ಬಂತು, ಹೊರಗೆ ಏನು ಹೋಯಿತು ಅಂತ ಬರೆದಿಡಬೇಕು. ಗೆರೆ ತೀರಾ ಚಿಕ್ಕದಾಗಿ ಎಳೆದರೆ ಪವಾಡ ನಡೆದಂತೆ ಕಾಣುತ್ತೆ, ಫ್ರಿಜ್ ತನ್ನಷ್ಟಕ್ಕೆ ತಾನೇ ತಣ್ಣಗಾದ ಹಾಗೆ. ಅದರ ಹಿಂದಿನ ಕಾಯಿಲ್ ಬಿಸಿಯಾಗಿರೋದು, ಮೀಟರ್ ತಿರುಗುತ್ತಿರೋದು ಗೆರೆಯಿಂದಾಚೆ ಉಳಿದುಬಿಡುತ್ತೆ. ವಯಸ್ಸಾದ ಹೆಂಗಸು ಹೊಸದಾಗಿ ಬದುಕು ಶುರು ಮಾಡುವ ಕತೆಗಳನ್ನು ನಾನು ಓದೋದು ಈ ಲೆಕ್ಕದಲ್ಲೇ. ರೀಲ್ ಅಜ್ಜಿಯ ಸುತ್ತ ಮಾತ್ರ ಗೆರೆ ಎಳೆಯುತ್ತೆ. ಒಳ್ಳೆಯ ಕಾದಂಬರಿ ಗೆರೆಯನ್ನು ಅಗಲ ಮಾಡುತ್ತೆ: ಯಾರು ಸತ್ತ ಮೇಲೆ ಇದು ಸಾಧ್ಯವಾಯಿತು, ಕೋಣೆ ಯಾರದು, ದುಡ್ಡು ಎಲ್ಲಿಂದ ಬಂತು, ಪಾತ್ರೆ ಯಾರು ತೊಳೆದರು.

ಇಂಥ ಕತೆಗಳ ಪೈಕಿ ಇಂಗ್ಲಿಷಿನಲ್ಲಿ ಬಹಳ ಹೆಸರಾದದ್ದು ವೀಟಾ ಸ್ಯಾಕ್‌ವಿಲ್-ವೆಸ್ಟ್ ಅವರ 'ಆಲ್ ಪ್ಯಾಷನ್ ಸ್ಪೆಂಟ್'. 1931ರದ್ದು. ನಾಯಕಿ ಲೇಡಿ ಸ್ಲೇನ್‌ಗೆ 88 ವರ್ಷ. ಗಂಡ ಒಂದು ಕಾಲಕ್ಕೆ ಬ್ರಿಟನ್ನಿನ ಪ್ರಧಾನಿ, ಭಾರತದ ವೈಸ್‌ರಾಯ್ ಕೂಡ ಆಗಿದ್ದವನು. 94ನೇ ವಯಸ್ಸಿನಲ್ಲಿ ಸಾಯುತ್ತಾನೆ. ತಾವೇ ಮುದುಕರಾಗಿರುವ ಮಕ್ಕಳು ಸೇರಿ ಅಮ್ಮನನ್ನು ಹಂಚಿಕೊಳ್ಳುವ ಟೈಮ್‌ಟೇಬಲ್ ಹಾಕುತ್ತಾರೆ, ಇಷ್ಟು ದಿನ ಇವರ ಮನೆ, ಇಷ್ಟು ದಿನ ಅವರ ಮನೆ. ನಮಗೇನೂ ಅಪರಿಚಿತ ದೃಶ್ಯವಲ್ಲ. ಜೀವಮಾನವಿಡೀ ಎದುರು ಮಾತಾಡದ ಆ ತಾಯಿ, ತಾನು ಹ್ಯಾಂಪ್‌ಸ್ಟೆಡ್‌ನಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿಯುವುದಾಗಿ ಹೇಳುತ್ತಾಳೆ. ಆ ಮನೆಯನ್ನು ಮೂವತ್ತು ವರ್ಷದ ಹಿಂದೆ ಒಮ್ಮೆ ನೋಡಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿಗೆ ಬರಕೂಡದು. ಹುಟ್ಟಿಗಿಂತ ಸಾವಿಗೆ ಹತ್ತಿರ ಇರುವವರು ಮಾತ್ರ ಬರಬಹುದು.

ಹಾಗಾದರೆ ಆ ಮನೆಯಲ್ಲಿ ಅವಳು ಏನು ಮಾಡುತ್ತಾಳೆ? ಕಾದಂಬರಿಯ ನಿಜವಾದ ಧೈರ್ಯ ಇರೋದು ಇಲ್ಲೇ. ಅವಳು ಹೆಚ್ಚೇನೂ ಮಾಡುವುದಿಲ್ಲ. ಹದಿನೇಳರ ವಯಸ್ಸಿನಲ್ಲಿ ಚಿತ್ರಕಾರಳಾಗಬೇಕು ಅನ್ನುವ ಆಸೆ ಇತ್ತು, ಮದುವೆ ಅದನ್ನು ನುಂಗಿತು. ಈಗಿನ ಯಾವ ಒಟಿಟಿ ಸರಣಿಯಾದರೂ ಅವಳ ಕೈಗೆ ಬ್ರಷ್ ಕೊಟ್ಟು, ಕೊನೆಯ ಎಪಿಸೋಡಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಿ, ಮಕ್ಕಳಿಂದ ಚಪ್ಪಾಳೆ ತಟ್ಟಿಸುತ್ತಿತ್ತು. ಲೇಡಿ ಸ್ಲೇನ್ ಬ್ರಷ್ ಮುಟ್ಟುವುದಿಲ್ಲ. ಬಿಸಿಲಲ್ಲಿ ಕೂತು ತನ್ನ ಬದುಕನ್ನು ತಿರುವಿ ಹಾಕುತ್ತಾಳೆ. ಭಾರತದಲ್ಲಿ, ಫತೇಪುರ್ ಸಿಕ್ರಿಯಲ್ಲಿ, ಯೌವನದಲ್ಲಿ ಒಮ್ಮೆ ಭೇಟಿಯಾಗಿದ್ದ ಮನುಷ್ಯನೊಬ್ಬ ಬಂದು ಅವಳಿಗೆ ನಿಷ್ಠುರವಾಗಿ ಹೇಳುತ್ತಾನೆ: ನಿನ್ನೊಳಗಿದ್ದ ಕಲಾವಿದೆಗೆ ನೀನು ಮೋಸ ಮಾಡಿದೆ ಅನ್ನುವ ಅರ್ಥದಲ್ಲಿ. ಅವನು ಸತ್ತು ತನ್ನ ಅಮೂಲ್ಯ ಕಲಾಸಂಗ್ರಹವನ್ನೆಲ್ಲ ಅವಳಿಗೆ ಬಿಟ್ಟುಹೋದಾಗ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿರುವಂತೆಯೇ ಅವಳು ಅದನ್ನು ದಾನ ಮಾಡಿಬಿಡುತ್ತಾಳೆ. ಅವಳ ಹೊಸ ಬದುಕು ಅಂದರೆ ಇಷ್ಟು: ಒಂದೊಂದೇ ಭಾರ ಇಳಿಸುವುದು. ಸೇರಿಸುವುದಲ್ಲ, ಕಳೆಯುವುದು.

ಈ ಪುಸ್ತಕ ಪ್ರಕಟಿಸಿದ್ದು ವರ್ಜೀನಿಯಾ ವುಲ್ಫ್ ದಂಪತಿಯ ಹೋಗಾರ್ತ್ ಪ್ರೆಸ್. ಹೆಣ್ಣು ಬರೆಯಬೇಕಾದರೆ ಸ್ವಂತ ಕೋಣೆ, ವರ್ಷಕ್ಕೆ 500 ಪೌಂಡ್ ಆದಾಯ ಬೇಕು ಅಂತ ವುಲ್ಫ್ ವಾದಿಸಿದ ಪುಸ್ತಕ ಅದೇ ಮುದ್ರಣಾಲಯದಿಂದ 1929ರಲ್ಲಿ ಬಂದಿತ್ತು. ಲೇಡಿ ಸ್ಲೇನ್ ಬಳಿ ಕೋಣೆಯೂ ಇದೆ, ದುಡ್ಡೂ ಇದೆ. ಮೂರನೆಯದೂ ಒಂದಿದೆ. ಅವಳ ಹೆಸರು ಜೆನೂ, ಫ್ರೆಂಚ್ ಮನೆಗೆಲಸದಾಕೆ. ಮದುವೆಯಾದಾಗಿನಿಂದ ಜೊತೆಗಿರುವ, ಹೆಚ್ಚುಕಡಿಮೆ ಒಡತಿಯಷ್ಟೇ ವಯಸ್ಸಾದ ಮುದುಕಿ. ಹ್ಯಾಂಪ್‌ಸ್ಟೆಡ್ ಮನೆಯ ಶಾಂತಿಗೆ ಅಡುಗೆ ಮಾಡಿಹಾಕುವವಳು ಇವಳೇ. ಲೇಡಿ ಸ್ಲೇನ್ ಎಂಬತ್ತೆಂಟರಲ್ಲಿ ನಿವೃತ್ತಳಾದಳು, ಜೆನೂ ಆಗಲಿಲ್ಲ. ಕಾದಂಬರಿ ಅವಳ ಹಿಂದಿನ ಬಡತನದ ಕತೆಗೂ ಒಂದಿಷ್ಟು ಜಾಗ ಕೊಡುತ್ತೆ, ಲೇಡಿ ಸ್ಲೇನ್‌ಗೆ ಅದು ಹೊಳೆಯೋದು ತೀರಾ ತಡವಾಗಿ. ಓದುವವರಲ್ಲಿ ಎಷ್ಟು ಜನಕ್ಕೆ ಜೆನೂ ನೆನಪಿರುತ್ತಾಳೆ ಅನ್ನೋದು ಬೇರೆ ಮಾತು.

ಗಂಡನೇ ಇಲ್ಲದಿದ್ದರೆ? 1926ರ 'ಲಾಲಿ ವಿಲೋಸ್' (ಸಿಲ್ವಿಯಾ ಟೌನ್ಸೆಂಡ್ ವಾರ್ನರ್ ಬರೆದದ್ದು) ಆ ಪ್ರಶ್ನೆ ಕೇಳುತ್ತೆ. ಅಣ್ಣನ ಮನೆಯಲ್ಲಿ 'ಲಾಲಿ ಅತ್ತೆ'ಯಾಗಿ ಇಪ್ಪತ್ತು ವರ್ಷ ಕಳೆದ ಅವಿವಾಹಿತೆ, 47ರಲ್ಲಿ ಗಂಟುಮೂಟೆ ಕಟ್ಟಿ ಒಂದು ಹಳ್ಳಿಗೆ ಹೋಗಿ ಮಾಟಗಾತಿಯಾಗುತ್ತಾಳೆ. ನಿಜವಾಗಿಯೂ, ಸೈತಾನನ ಜೊತೆ ಒಪ್ಪಂದ ಮಾಡಿಕೊಂಡು. ಹೊರಡುವ ಮುನ್ನ ತನ್ನ ಪಾಲಿನ ದುಡ್ಡು ಕೇಳಿದಾಗ, ಅಣ್ಣ ಅದನ್ನು ಯಾವುದೋ ಷೇರಿಗೆ ಹಾಕಿ ಕರಗಿಸಿರುವುದು ತಿಳಿಯುತ್ತೆ. ಉಳಿದಷ್ಟರಲ್ಲೇ ಹೋಗುತ್ತಾಳೆ. ಹಳ್ಳಿಯಲ್ಲಿ ನೆಮ್ಮದಿಯಾಗಿರುವಾಗ ಪ್ರೀತಿಯ ಅಣ್ಣನ ಮಗ ಅಲ್ಲಿಗೂ ಬಂದು ಬಿಡಾರ ಹೂಡುತ್ತಾನೆ, ಅತ್ತೆ ಮತ್ತೆ ಅತ್ತೆಯಾಗಬೇಕಾಗುತ್ತೆ. ಅವಳಿಗೆ ಸೈತಾನ ಬೇಕಾಗುವುದು ಆಗಲೇ. ನಮ್ಮ ಎಷ್ಟೋ ಮನೆಗಳ ಮದುವೆಯಾಗದ ಅತ್ತೆಯಂದಿರಿಗೆ ಈ ಕತೆ ಹೇಳಿದರೆ ಸೈತಾನನ ಭಾಗ ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಈ ಎರಡೂ ಕತೆಗಳಲ್ಲಿ ಎಷ್ಟೇ ಕರಗಿದರೂ ಒಂದಷ್ಟು ಸ್ವಂತ ದುಡ್ಡು ಇತ್ತು. ಅದು ಏನೂ ಇಲ್ಲದ ಹೆಣ್ಣಿಗೆ ಮುಪ್ಪಿನಲ್ಲಿ ಯಾವ ಬಂಡವಾಳ ಇರುತ್ತೆ? ಕನ್ನಡದಲ್ಲಿ ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರ ಕಾದಂಬರಿ, 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಲೇಖಕಿಯ ಕುಟುಂಬದಲ್ಲೇ ಬದುಕಿದ್ದ ಹೆಣ್ಣೊಬ್ಬಳ ನಿಜ ಜೀವನವನ್ನು ಆಧರಿಸಿದ್ದು. ಮಲೆನಾಡಿನ ಬ್ರಾಹ್ಮಣ ಮನೆಯ ಹುಡುಗಿ, ಬಾಲ್ಯದಲ್ಲೇ ಮದುವೆ, ಬೆನ್ನಿಗೇ ವೈಧವ್ಯ. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಾರೆ. ಆಮೇಲೆ ದಶಕಗಟ್ಟಲೆ ದುಡಿಮೆ: ಅಡುಗೆ, ಬಾಣಂತನ, ಯಾರ ಯಾರದೋ ಮಕ್ಕಳ ಆರೈಕೆ. ಅವಳು ನೂರಾ ಹನ್ನೆರಡು ವರ್ಷ ಬದುಕುತ್ತಾಳೆ, 1952ರವರೆಗೆ.

ಈ ಇಸವಿಯನ್ನು ಸ್ವಲ್ಪ ಗಮನಿಸಿ. ಹಿಂದೂ ವಿಧವೆಗೆ ತನ್ನ ಪಾಲಿಗೆ ಬಂದ ಆಸ್ತಿಯ ಮೇಲೆ ಪೂರ್ಣ ಹಕ್ಕು ಸಿಕ್ಕಿದ್ದು 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ. ಅದಕ್ಕೂ ಮೊದಲು 1937ರ ಕಾಯ್ದೆ ಕೊಟ್ಟಿದ್ದು ಸೀಮಿತ ಹಕ್ಕು: ಬದುಕಿರುವವರೆಗೆ ಅನುಭವಿಸಬಹುದು, ಮನಸ್ಸಿಗೆ ಬಂದವರಿಗೆ ಬಿಟ್ಟುಹೋಗುವ ಹಾಗಿಲ್ಲ. ಫಣಿಯಮ್ಮ ಆ ಪೂರ್ಣ ಹಕ್ಕು ಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡಳು. ಅವಳಿಗೆ ಹ್ಯಾಂಪ್‌ಸ್ಟೆಡ್ ಇಲ್ಲ, 500 ಪೌಂಡ್ ಇಲ್ಲ, ಜೆನೂ ಇಲ್ಲ. ಬೇರೆಯವರ ಮನೆಯ ಜೆನೂ ತಾನೇ ಅವಳು.

ಹಾಗಿದ್ದೂ ಅವಳು ಮುಪ್ಪಿನಲ್ಲಿ ಬದಲಾಗುತ್ತಾಳೆ. ಹೆರಿಗೆಯಲ್ಲಿ ಸಾಯುತ್ತಿರುವ ಬೇರೆ ಜಾತಿಯ ಹೆಣ್ಣಿಗೆ ಸಹಾಯ ಬೇಕಾದಾಗ, ಬದುಕಿಡೀ ಕಾಯ್ದುಕೊಂಡ ಮಡಿಯನ್ನು ಬದಿಗಿಟ್ಟು ಕೈಹಾಕುತ್ತಾಳೆ. ಮನೆತನದ ಎಳೆಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದಾಗ, ಆಮೇಲೆ ಬಸುರಿಯಾದಾಗ, ಊರೆಲ್ಲ ಒಂದು ಕಡೆ ನಿಂತರೂ ಫಣಿಯಮ್ಮ ಅವಳ ಪರ ಮಾತಾಡುತ್ತಾಳೆ. ಆ ಮಾತಿಗೆ ತೂಕ ಬಂದದ್ದು ಎಲ್ಲಿಂದ? ಅದೇ ಮಡಿಯಿಂದ. ಎಂಬತ್ತು ತೊಂಬತ್ತು ವರ್ಷ ಒಂದು ನಿಯಮವನ್ನೂ ಮುರಿಯದೆ ಇದ್ದವಳು ಅನ್ನುವ ಕಾರಣಕ್ಕೇ ಅವಳು ನಿಯಮ ಮುರಿದರೆ ಯಾರಿಗೂ ಬಾಯಿ ಬರುವುದಿಲ್ಲ. ಅಂದರೆ ವ್ಯವಸ್ಥೆ ಅವಳಿಂದ ಕಿತ್ತುಕೊಂಡ ಎಲ್ಲವೂ ಒಂದು ಖಾತೆಯಲ್ಲಿ ಜಮಾ ಆಗುತ್ತಾ ಬಂದು, ಕೊನೆಗೆ ಅವಳು ಅದನ್ನು ಒಂದೇ ಸಲ ಬಿಡಿಸಿಕೊಂಡು ದಾಕ್ಷಾಯಣಿಗೆ ಕೊಟ್ಟುಬಿಡುತ್ತಾಳೆ. ತನಗಾಗಿ ಏನೂ ಇಟ್ಟುಕೊಳ್ಳುವುದಿಲ್ಲ. ಇದನ್ನು ಹೊಸ ಬದುಕು ಅನ್ನಬಹುದಾ? ನಾನು ಅಂತೀನಿ. ಆದರೆ ಅದಕ್ಕೆ ಕಟ್ಟಿದ ಬಡ್ಡಿ ನೋಡಿದರೆ ಎದೆ ಝಲ್ಲೆನ್ನುತ್ತೆ. ಈ ಕಾದಂಬರಿಯನ್ನು 'ತ್ಯಾಗಮೂರ್ತಿ'ಯ ಕತೆ ಅಂತ ಶಾಲೆ-ಕಾಲೇಜಿನ ಭಾಷಣಗಳಲ್ಲಿ ಹೊಗಳುವವರಿದ್ದಾರೆ. ಫಣಿಯಮ್ಮ ಯಾವುದನ್ನು ಬೇಡ ಅಂದಳೋ ಅದನ್ನೇ ಅವಳ ಕೊರಳಿಗೆ ಹಾರ ಮಾಡಿ ಹಾಕಿದ ಹಾಗೆ ಇದು.

ಬರೆದವರ ಬಗ್ಗೆಯೂ ಒಂದು ಮಾತು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಏಳು ವರ್ಷದ ಶಾಲೆ, ಹನ್ನೆರಡಕ್ಕೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರ' ಬಂದಿದ್ದು 1963ರಲ್ಲಿ, ಆಗ ಅವರಿಗೆ 46ರ ಆಸುಪಾಸು. 'ಫಣಿಯಮ್ಮ' ಬಂದಾಗ 59. ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ನಿವೃತ್ತಿಯ ವಯಸ್ಸು. ಮುಪ್ಪಿನಲ್ಲಿ ಬದಲಾಗುವ ಹೆಣ್ಣಿನ ಬಗ್ಗೆ ಬರೆಯಲು, ನಡುವಯಸ್ಸಿನಲ್ಲಿ ಪೆನ್ನು ಹಿಡಿದ ಇವರಿಗಿಂತ ಅರ್ಹತೆ ಯಾರಿಗಿತ್ತು!

ಈಗ ನಮ್ಮ ಗೋಡೆ ಕಡೆ ತಿರುಗಿದ ಅಮ್ಮನ ಹತ್ತಿರ ವಾಪಸ್ ಬರೋಣ. (ಪುಸ್ತಕ ಓದಬೇಕು ಅಂತ ಇಟ್ಟುಕೊಂಡಿರುವವರಿಗೆ: ಮುಂದಿನ ಕೆಲವು ಪ್ಯಾರಾಗಳಲ್ಲಿ ಕತೆ ಪೂರ್ತಿ ಬಯಲಾಗುತ್ತೆ.)

ಹಿಂದಿಯ 'ನಹೀಂ' ಅನ್ನುವ ಪದವನ್ನು ಮತ್ತೆ ಮತ್ತೆ ಹೇಳಿ ನೋಡಿ, ಬಾಯಿ ಸೋತಂತೆ ಅದು 'ನಯೀ' ಆಗಿಬಿಡುತ್ತೆ. ಇಲ್ಲ ಅನ್ನೋದು ಹೊಸತು ಅನ್ನೋದಾಗುತ್ತೆ. ಗೀತಾಂಜಲಿ ಶ್ರೀ ಕಾದಂಬರಿಯ ಇಡೀ ಚಲನೆಯನ್ನು ಈ ಶಬ್ದದ ಆಟದ ಮೇಲೆ ಕಟ್ಟುತ್ತಾರೆ. ಮನೆಯವರಿಗೆ ಖಿನ್ನತೆಯಾಗಿ ಕಂಡ ಆ ಬೆನ್ನು ವಾಸ್ತವದಲ್ಲಿ ನಿರಾಕರಣೆಯ ಅಭ್ಯಾಸ. ಒಂದು ದಿನ ಅಮ್ಮ ಮನೆಯಿಂದ ಕಾಣೆಯಾಗುತ್ತಾಳೆ. ಸಿಕ್ಕಾಗ ಮಗನ ಮನೆಗೆ ಹೋಗದೆ ಮಗಳ ಮನೆಗೆ ಹೋಗುತ್ತಾಳೆ. ಹಿರಿಮಗನ ಸರ್ಕಾರಿ ಬಂಗಲೆ, ಅಲ್ಲಿನ ಬಾಗಿಲು, ಹಕ್ಕು, ಅತಿಥಿಗಳ ಸಾಲು, ಎಲ್ಲ ಬಿಟ್ಟು. ಸೀರೆ ಬಿಟ್ಟು ಸಡಿಲ ಗೌನು ಹಾಕುತ್ತಾಳೆ. ರೋಸಿ ಎಂಬ ಹಿಜ್ರಾ ಗೆಳತಿ ದಿನಾ ಬಂದು ಹೋಗುತ್ತಾಳೆ, ಕೆಲವೊಮ್ಮೆ ರಜಾ ಎಂಬ ದರ್ಜಿಯಾಗಿ. ಅಮ್ಮನಿಗೆ ತನ್ನ ಮೈಮೇಲೆ, ಅದರ ಸುಖ-ಸಂಕಟಗಳ ಮೇಲೆ ಹೊಸ ಆಸಕ್ತಿ ಹುಟ್ಟುತ್ತೆ.

ಮೈಯ ವಿಷಯ ಬಂದಾಗ ನಮ್ಮ ಸಮಾಜದ ಮುಖ ಸಣ್ಣಗಾಗುತ್ತೆ. ಅಜ್ಜಿ ಜಿಪ್‌ಲೈನ್ ಹತ್ತಿದರೆ ಚಪ್ಪಾಳೆ. ಅಜ್ಜಿಗೂ ಒಂದು ಬಯಕೆ ಇದೆ ಅಂದರೆ ಮೌನ. 'ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ' ಸಿನಿಮಾದಲ್ಲಿ 55ರ ವಿಧವೆ ಉಷಾ ಇದ್ದಾಳಲ್ಲ, ಎಲ್ಲರಿಗೂ 'ಬುವಾಜಿ'. ಅವಳು ಈಜು ಕಲಿಯುತ್ತಾಳೆ, ಅದನ್ನು ರೀಲ್ ಮಾಡಬಹುದು. ಆದರೆ ಅವಳು ಕದ್ದುಮುಚ್ಚಿ ಶೃಂಗಾರದ ಕಾದಂಬರಿ ಓದುತ್ತಾಳೆ, ಈಜು ಕಲಿಸುವ ಹುಡುಗನಿಗೆ ಬೇರೆ ಹೆಸರಿನಲ್ಲಿ ಫೋನ್ ಮಾಡುತ್ತಾಳೆ. ಕೊನೆಗೆ ಅವಳ ಪುಸ್ತಕ, ಬಟ್ಟೆಯನ್ನೆಲ್ಲ ಬೀದಿಗೆ ಎಸೆಯುತ್ತಾರೆ. 2017ರ ಜನವರಿಯಲ್ಲಿ ಸೆನ್ಸಾರ್ ಮಂಡಳಿ ಆ ಸಿನಿಮಾಕ್ಕೆ ಪ್ರಮಾಣಪತ್ರ ಕೊಡಲೊಪ್ಪದೆ, ಇದು ಮಹಿಳಾ ಕೇಂದ್ರಿತ ಅನ್ನುವುದನ್ನೂ ಕಾರಣಗಳಲ್ಲಿ ಸೇರಿಸಿತ್ತು. 'ರೇತ್ ಸಮಾಧಿ'ಗೂ ಇದು ತಪ್ಪಲಿಲ್ಲ. ಬುಕರ್ ಬಂದ ಎರಡೇ ತಿಂಗಳಿಗೆ ಆಗ್ರಾದಲ್ಲಿ ಏರ್ಪಾಡಾಗಿದ್ದ ಲೇಖಕಿಯ ಕಾರ್ಯಕ್ರಮ ರದ್ದಾಯಿತು. ಶಿವ-ಪಾರ್ವತಿಯರ ಬಗ್ಗೆ ಕಾದಂಬರಿಯಲ್ಲಿ ಆಕ್ಷೇಪಾರ್ಹ ಬರಹ ಇದೆ ಅಂತ ಒಬ್ಬರು ದೂರು ಕೊಟ್ಟಿದ್ದರು.

ರೋಸಿಯ ಕೊಲೆಯಾಗುತ್ತೆ. ಕೇಳುವವರಿಲ್ಲ. ಅದಾದ ಮೇಲೆ ಅಮ್ಮ ಪಾಕಿಸ್ತಾನಕ್ಕೆ ಹೋಗಬೇಕು ಅಂತಾಳೆ. ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ, ಮಗಳಿಗೂ. ವಾಘಾ, ಲಾಹೋರ್, ಆಮೇಲೆ ವೀಸಾ ಇಲ್ಲದೆಯೇ ಖೈಬರ್. ಅಲ್ಲಿಗೆ ಹೋಗಿ ಬಂಧನದಲ್ಲಿ ಕೂತಾಗ ಗುಟ್ಟು ಹೊರಬರುತ್ತೆ. ದೇಶ ವಿಭಜನೆಗೂ ಮೊದಲು ಅವಳಿಗೆ ಒಂದು ಬದುಕಿತ್ತು, ಅನ್ವರ್ ಅಂತ ಒಬ್ಬ ಗಂಡನಿದ್ದ. 1947 ಅದನ್ನು ಅಳಿಸಿತು. ಮಕ್ಕಳಿಗೆ ಗೊತ್ತಿರುವ ಅಮ್ಮ, ಆ ದೊಡ್ಡ ಸಂಸಾರದ ಅಮ್ಮ, ನಿಜಕ್ಕೂ ಅವಳ ಎರಡನೆಯ ಅವತಾರ. ಐವತ್ತು-ಅರವತ್ತು ವರ್ಷ ಅವಳು ಮಾಡಿದ್ದೇ ಹೊಸ ಬದುಕು. ಈಗ ಅವಳು ಹೊಸತನ್ನು ಶುರು ಮಾಡುತ್ತಿಲ್ಲ, ಹಳೆಯದನ್ನು ಕೇಳಲು ಹೋಗಿದ್ದಾಳೆ.

ಇದನ್ನು ಓದಿದಾಗ ನನ್ನ ಲೆಕ್ಕವೇ ತಲೆಕೆಳಗಾಯಿತು. ವಯಸ್ಸಾದವಳು 'ಹೊಸಬಳಾದಳು' ಅಂತ ನಾವು ಹೇಳುವಾಗ ಅವಳ ಹಳೆಯ ಅವತಾರ ಅಂದರೆ ನಮಗೆ ಗೊತ್ತಿರುವ ಹೆಂಡತಿ, ಅಮ್ಮ, ಅತ್ತೆ ಅಂತ ಮೊದಲೇ ಒಪ್ಪಿಕೊಂಡಿರುತ್ತೇವೆ. ಅದಕ್ಕೂ ಮುಂಚೆ ಒಬ್ಬಳು ಇದ್ದಳು ಅನ್ನೋದು ಮನೆಯ ಆಲ್ಬಮ್‌ನಲ್ಲಿ ಇರೋದಿಲ್ಲ. ಲೇಡಿ ಸ್ಲೇನ್‌ಳ ಹದಿನೇಳರ ಚಿತ್ರಕಾರ್ತಿಯೂ ಹೀಗೇ. ಆಶ್ಚರ್ಯ ಆಗೋದು ಮನೆಯವರಿಗೆ, ಅವಳಿಗಲ್ಲ.

'ರೇತ್ ಸಮಾಧಿ' ಇನ್ನೂ ಒಂದು ಪ್ರಾಮಾಣಿಕ ಕೆಲಸ ಮಾಡುತ್ತೆ, ಅದರ ಬಗ್ಗೆ ಚರ್ಚೆ ಕಡಿಮೆ. ಕಾದಂಬರಿಯಲ್ಲಿ 'ಬೇಟಿ' ಅಂತಲೇ ಕರೆಸಿಕೊಳ್ಳುವ ಆ ಮಗಳು ಮನೆಯವರನ್ನು ಎದುರು ಹಾಕಿಕೊಂಡು ಒಂಟಿಯಾಗಿ ಬದುಕು ಕಟ್ಟಿಕೊಂಡವಳು. ಸ್ವಂತ ಫ್ಲಾಟು, ಬರವಣಿಗೆ, ಬೇಕಾದಾಗ ಬಂದು ಹೋಗುವ ಗೆಳೆಯ. ಅಮ್ಮ ಬಂದ ಮೇಲೆ ಅದೆಲ್ಲ ನಿಧಾನವಾಗಿ ಹೋಗುತ್ತೆ. ಅಮ್ಮನ ಔಷಧಿ, ಅಮ್ಮನ ಊಟ, ಅಮ್ಮನ ಅತಿಥಿಗಳು. ಅಮ್ಮ ದಿನದಿಂದ ದಿನಕ್ಕೆ ಎಳೆಯಳಾಗುತ್ತಾಳೆ, ಮಗಳು ಮುದುಕಿಯಾಗುತ್ತಾಳೆ, ಗೃಹಿಣಿಯಾಗುತ್ತಾಳೆ. ಯಾವ ಪಾತ್ರದಿಂದ ತಪ್ಪಿಸಿಕೊಂಡು ಓಡಿದ್ದಳೋ ಅದೇ ಅವಳ ಮನೆ ಹುಡುಕಿಕೊಂಡು ಬಂದಿದೆ. ಗಮನಿಸಿ, ಮಗನ ದಿನಚರಿಯಲ್ಲಿ ಇಷ್ಟು ದೊಡ್ಡ ಏರುಪೇರು ಆಗೋದಿಲ್ಲ. ಒಬ್ಬ ಹೆಂಗಸಿನ ಬಿಡುಗಡೆಯ ಬಿಲ್ಲು ಇನ್ನೊಬ್ಬ ಹೆಂಗಸಿನ ಹೆಸರಿಗೆ ಬಂದಿದೆ. ಲೇಖಕಿ ಇದನ್ನು ಮುಚ್ಚಿಡುವುದಿಲ್ಲ, ಅಮ್ಮನನ್ನು ಅದಕ್ಕಾಗಿ ದೂರುವುದೂ ಇಲ್ಲ.

ಕೊನೆಗೆ ಅಮ್ಮನಿಗೆ ಗುಂಡು ಬೀಳುತ್ತೆ. ಹೇಗೆ ಬೀಳಬೇಕು ಅಂತ ಅವಳು ಮೊದಲೇ ಅಭ್ಯಾಸ ಮಾಡಿಕೊಂಡಿದ್ದಾಳೆ: ಮುಖ ಅಡಿಯಾಗಿ ಅಲ್ಲ, ಅಂಗಾತ. ಮನೆಯವರಿಗೆ ತೋರಿಸಿದ್ದ ಬೆನ್ನು ಈಗ ನೆಲದ ಮೇಲೆ, ಮುಖ ಆಕಾಶಕ್ಕೆ.

ಇಲ್ಲಿಯವರೆಗೆ ಹೇಳಿದ ಕತೆಗಳಲ್ಲಿ ಅನ್ನಕ್ಕೆ ತತ್ವಾರ ಪಡುವವರು ಯಾರೂ ಇರಲಿಲ್ಲ. ಅದಿದ್ದಾಗ ಈ ಯಂತ್ರ ಹೇಗೆ ಓಡುತ್ತೆ? ಸ್ವಲ್ಪ ಹೊತ್ತು ಕತೆ ಬಿಟ್ಟು ಹೊರಗೆ ನೋಡೋಣ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಬಿಪಿಎಲ್ ಕುಟುಂಬದ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, 80 ತುಂಬಿದರೆ 500. ರಾಜ್ಯಗಳು ಮೇಲೆ ತಮ್ಮ ಪಾಲು ಸೇರಿಸುತ್ತವೆ, ಸರಿ. ಅಮ್ಮನ ವಯಸ್ಸಿನ ಬಡ ಹೆಂಗಸಿನ ಹೊಸ ಬದುಕಿಗೆ ದೆಹಲಿ ಕಟ್ಟಿರುವ ಬೆಲೆ 500. ವುಲ್ಫ್ ಹೇಳಿದ ಸಂಖ್ಯೆಯೂ 500, ಆದರೆ ಅದು ಪೌಂಡು. ಇನ್ನು ಕರ್ನಾಟಕದಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಏನಾಯಿತು ನೆನಪಿದೆಯಲ್ಲ. ಧರ್ಮಸ್ಥಳ, ಕುಕ್ಕೆ, ಮಲೆಮಹದೇಶ್ವರ ಬೆಟ್ಟದ ಬಸ್ಸುಗಳು ತುಂಬಿ ತುಳುಕಿದವು, ವಾಟ್ಸ್‌ಆ್ಯಪ್‌ನಲ್ಲಿ ಜೋಕುಗಳೂ ತುಂಬಿ ತುಳುಕಿದವು. ಮನೆ ಮಠ ಬಿಟ್ಟು ಹೆಂಗಸರು ಊರೂರು ಸುತ್ತುತ್ತಿದ್ದಾರೆ, ಗಂಡಂದಿರಿಗೆ ಅಡುಗೆ ಗತಿಯಿಲ್ಲ, ಇತ್ಯಾದಿ. ಆ ಜೋಕುಗಳು ಗೊತ್ತಿಲ್ಲದೆಯೇ ಸತ್ಯ ಹೇಳಿದವು. ಎಷ್ಟೋ ಹೆಂಗಸರು ಮನೆಯಿಂದ ಹೊರಡಲು ಅಡ್ಡವಾಗಿದ್ದದ್ದು ಬಸ್ ಚಾರ್ಜು, ಅದನ್ನು ಕೈಚಾಚಿ ಕೇಳಬೇಕಾದ ಸ್ಥಿತಿ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್ ಆ ಕೇಳುವ ಕೆಲಸವನ್ನು ತಪ್ಪಿಸಿತು. ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಹೆಸರಿಗೋ ಸೊಸೆಯ ಹೆಸರಿಗೋ ಅಂತ ಆಗ ಎದ್ದ ವಾದವೂ ಇದೇ ಜಾತಿಯದು: ದುಡ್ಡು ಬರುವ ಮೊದಲೇ ಎರಡು ತಲೆಮಾರಿನ ಹೆಂಗಸರು ಎದುರುಬದುರು.

ಬಡತನದ ಮುಪ್ಪಿನ ಕತೆಗೆ ನಾನು ಹೋಗೋದು ಬಾನು ಮುಷ್ತಾಕ್ ಅವರ ಹತ್ತಿರ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ 20ರಂದು ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾವೆಲ್ಲ ಕುಣಿದೆವು. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಅದರಲ್ಲಿ ಎರಡು ಕತೆಗಳಲ್ಲಿ ಮುದುಕಿಯರಿದ್ದಾರೆ, ಇಬ್ಬರೂ ನಮ್ಮ ಲೆಕ್ಕವನ್ನು ಕಷ್ಟ ಮಾಡುತ್ತಾರೆ.

ಒಬ್ಬಳು ಯಾಸೀನ್ ಬುವಾ, ಇಂಗ್ಲಿಷಿನಲ್ಲಿ 'ದಿ ಶ್ರೌಡ್' ಎಂಬ ಹೆಸರು ಪಡೆದ ಕತೆಯವಳು. ಕಂಡವರ ಮನೆಯಲ್ಲಿ ದುಡಿದು ಕೂಡಿಟ್ಟ ಪುಡಿಗಾಸು ಅವಳ ಬಳಿ ಇದೆ. ಅದು ಹೋಗಬೇಕಾದದ್ದು ಮಗನ ಸಂಸಾರಕ್ಕೆ, ಎಲ್ಲ ತಾಯಂದಿರ ದುಡ್ಡು ಹೋಗುವ ಹಾಗೆ. ಜೀವನದಲ್ಲಿ ಒಂದೇ ಒಂದು ಸಲ ಅವಳು ತನಗೋಸ್ಕರ ಏನನ್ನೋ ಕೊಳ್ಳುವ ನಿರ್ಧಾರ ಮಾಡುತ್ತಾಳೆ. ಹಜ್‌ಗೆ ಹೊರಟ ಶ್ರೀಮಂತ ಮನೆಯ ಶಾಜಿಯಾ ಕೈಗೆ ದುಡ್ಡು ಕೊಟ್ಟು, ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಕೇಳುತ್ತಾಳೆ. ಲೇಡಿ ಸ್ಲೇನ್ ಮನೆ ಹಿಡಿದಳು, ಇವಳು ಶವವಸ್ತ್ರ. ಶಾಜಿಯಾಗೆ ಅಲ್ಲಿನ ಖರೀದಿಯ ಗಡಿಬಿಡಿಯಲ್ಲಿ ಅದು ಮರೆತೇಹೋಗುತ್ತೆ. ಬುವಾ ಸತ್ತ ದಿನ ಮಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಅಮ್ಮನ ಕಫನ್ ಕೊಡಿ ಅಂತ.

ಇನ್ನೊಬ್ಬಳು ಬೀ ದಾದಿ, 'ಎ ಟೇಸ್ಟ್ ಆಫ್ ಹೆವನ್' ಕತೆಯಲ್ಲಿ. ಬಾಲವಿಧವೆ, ತವರಿನವರ ಮನೆಯಲ್ಲೇ ಸವೆದ ಜೀವ. ಮುಸ್ಲಿಂ ಮನೆಯ ಫಣಿಯಮ್ಮ ಅನ್ನಿ ಬೇಕಾದರೆ. ಜತನದಿಂದ ಕಾಪಾಡಿಕೊಂಡು ಬಂದ ಅವಳ ನಮಾಜಿನ ಚಾಪೆಯನ್ನು ಮನೆಯ ಹುಡುಗನೊಬ್ಬ ಬೈಕ್ ಒರೆಸಲು ಬಳಸಿ ಹಾಳುಮಾಡುತ್ತಾನೆ. ಅವಳು ಕುಸಿದುಬಿಡುತ್ತಾಳೆ, ಅನ್ನ-ನೀರು ಬಿಡುತ್ತಾಳೆ. ಮಕ್ಕಳು ಉಪಾಯ ಕಾಣದೆ ಒಂದು ಲೋಟ ಪೆಪ್ಸಿ ಕೊಟ್ಟು, ಇದು ಸ್ವರ್ಗದ ಪಾನೀಯ ಅನ್ನುತ್ತಾರೆ. ಬೀ ದಾದಿ ಅದನ್ನು ನಂಬುತ್ತಾಳೆ. ಕುಡಿಯುತ್ತಾಳೆ, ಕಣ್ಣು ಹೊಳೆಯುತ್ತೆ, ತಾನು ಸ್ವರ್ಗದಲ್ಲಿದ್ದೇನೆ, ಎಂದೋ ಸತ್ತ ಗಂಡ ಪಕ್ಕದಲ್ಲಿದ್ದಾನೆ ಅಂದುಕೊಳ್ಳುತ್ತಾಳೆ. ಎಳೆಯ ವಧುವಿನ ಹಾಗೆ ನಾಚುತ್ತಾಳೆ.

ಈ ಕತೆ ಓದುವಾಗ ನಗು ಬರುತ್ತೆ, ಬಂದಿದ್ದಕ್ಕೆ ಮುಜುಗರವೂ ಆಗುತ್ತೆ. ಅವಳಿಗೂ ಹೊಸ ಬದುಕು ಸಿಕ್ಕಿತು, ಮನೆಯ ಮೂಲೆಯಿಂದ ಒಂದು ಹೆಜ್ಜೆ ಹೊರಗಿಡದೆ. ಕೋಣೆ ಬದಲಾಗಿಲ್ಲ, ಕಾಸು ಬಂದಿಲ್ಲ, ಯಾರೂ ಕ್ಷಮೆ ಕೇಳಬೇಕಾಗಿಲ್ಲ. ಮನೆಯವರ ಪಾಲಿಗೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ, ಸುಳ್ಳೊಂದು ಕೊಟ್ಟರಾಯಿತು. ಆದರೆ ಸುಳ್ಳಿಗೂ ಖರ್ಚಿದೆ. ಅವಳಿಗೆ ಈಗ ಬೇರೇನೂ ಬೇಡ, ಅದೊಂದೇ ಬೇಕು. ಲೋಟ ಖಾಲಿಯಾಗುತ್ತೆ, ಸ್ವರ್ಗ ಮಸುಕಾಗುತ್ತೆ, ಮತ್ತೆ ಯಾರಾದರೂ ಅಂಗಡಿಗೆ ಹೋಗಿ ಇನ್ನೊಂದು ಬಾಟಲಿ ತರಬೇಕು.